ಮಗನಿಗೆ ಸೈನಿಕ ಶಾಲೆಯಲ್ಲಿ ಸೀಟು ಸಿಕ್ಕಿದೆ: ಮೆಸ್ಸಿನ ಶಿಸ್ತು ಹೇಗಿರುತ್ತದೆ, ಗೊತ್ತಿರುವವರು ಹೇಳಿ

ಮಲಪ್ರಭಾ ತೀರ

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಸೈನಿಕ ಶಾಲೆಯಲ್ಲಿ ಆರನೇ ಕ್ಲಾಸಿಗೆ ಸೀಟು ಸಿಕ್ಕಿದೆ. ಪ್ರವೇಶ ಪರೀಕ್ಷೆ ಆಯ್ತು, ಮೆಡಿಕಲ್ ಕೂಡ ಆಯ್ತು. ಇನ್ನು ಟ್ರಂಕು ತುಂಬಿಸಿ ಬಿಟ್ಟು ಬರುವುದೊಂದೇ ಬಾಕಿ. ಓದಿನ ಚಿಂತೆ ನನಗಿಲ್ಲ. ಓಟ, ಡ್ರಿಲ್ಲಿನ ಚಿಂತೆಯೂ ಇಲ್ಲ, ಹೊಲದಲ್ಲಿ ಓಡಾಡಿಯೇ ಬೆಳೆದ ಹುಡುಗ. ನನ್ನ ಚಿಂತೆಯೆಲ್ಲ ಊಟದ್ದು.

ಅವನು ನಿಧಾನಕ್ಕೆ ಉಣ್ಣುತ್ತಾನೆ. ಎರಡು ರೊಟ್ಟಿ, ಪಲ್ಯ, ಮೇಲೊಂದಿಷ್ಟು ಮೊಸರನ್ನ, ಇಷ್ಟಕ್ಕೇ ಅರ್ಧ ಗಂಟೆ ಬೇಕು. ಚಮಚ ಹಿಡಿಯುವುದು ಪಾಯಸಕ್ಕೆ ಮಾತ್ರ. ಬದನೆಕಾಯಿ ಮುಟ್ಟುವುದಿಲ್ಲ. ನಾವು ಮೊಟ್ಟೆ, ಮಾಂಸ ತಿನ್ನುವವರಲ್ಲ. ಅಲ್ಲಿ ಎಲ್ಲಾ ಫೋರ್ಕು ಚಾಕುವಿನಲ್ಲಿ ತಿನ್ನಬೇಕು, ಮಾತಾಡುವಂತಿಲ್ಲ, ಗಂಟೆ ಬಾರಿಸಿದರೆ ಅರ್ಧಕ್ಕೆ ಬಿಟ್ಟು ಏಳಬೇಕು ಅಂತ ಒಬ್ಬರು ಹೇಳುತ್ತಾರೆ. ಅದೆಲ್ಲ ಹಳೇ ಕಾಲದ ಮಾತು ಅಂತ ಇನ್ನೊಬ್ಬರು. ಸೀನಿಯರ್‌ಗಳ ವಿಷಯ ಕೇಳಿದರೆ ಎಲ್ಲರೂ ಮಾತು ಬದಲಿಸುತ್ತಾರೆ. ಏನು ಕಲಿಸಿ ಕಳಿಸಲಿ? ಶಾಲೆಯವರ ಹತ್ತಿರ ಏನು ಕೇಳಲಿ?

ಹಳೇ ಅಜೀತ

ಅಕ್ಕಾರೆ, ಮೊದಲು ಅಭಿನಂದನೆ. ನಾನು ವಿಜಯಪುರ ಸೈನಿಕ ಶಾಲೆಯಲ್ಲಿ ಓದಿದವನು. 1963ರಲ್ಲಿ ಶುರುವಾದ ಶಾಲೆ ಅದು, ಸೈನಿಕ ಶಾಲೆಗಳ ಯೋಜನೆ ಬಂದ ಎರಡೇ ವರ್ಷಕ್ಕೆ. ನಮ್ಮ ಕಾಲದ ಕ್ರಮ ಹೇಳುತ್ತೇನೆ, ಬಹುಪಾಲು ಈಗಲೂ ಹಾಗೇ ಇದೆ.

ಊಟಕ್ಕೆ ಹಾಸ್ಟೆಲಿನಿಂದ ಒಬ್ಬೊಬ್ಬರೇ ಹೋಗುವುದಿಲ್ಲ. ಹೌಸ್ ಪ್ರಕಾರ, ಅಂದರೆ ಮಕ್ಕಳನ್ನು ಹಂಚಿದ ಗುಂಪಿನ ಪ್ರಕಾರ, ಫಾಲ್ ಇನ್ ಆಗಿ (ಒಟ್ಟುಗೂಡಿ ನಿಂತು), ಸಾಲಾಗಿ ನಡೆದುಕೊಂಡು ಮೆಸ್ಸಿಗೆ ಹೋಗಬೇಕು. ಒಳಗೆ ಹೋದ ಮೇಲೆ ಎಲ್ಲರೂ ಕುರ್ಚಿಯ ಹಿಂದೆ ನಿಲ್ಲಬೇಕು. ಕೊನೆಯ ಸಾಲು ಒಳಗೆ ಬಂದ ಮೇಲೆ ಕೂರಲು ಅಪ್ಪಣೆ ಆಗುತ್ತದೆ. ಕುರ್ಚಿ ಎಳೆಯುವಾಗ ಕರಕರ ಸದ್ದು ಬರಬಾರದು, ಎತ್ತಿ ಹಿಂದಿಡಬೇಕು. ಮೇಜಿನ ತುದಿಯಲ್ಲಿ ಸೀನಿಯರ್ ಕೂರುತ್ತಾನೆ. ದೂರದ ಉಪ್ಪು ಬೇಕಿದ್ದರೆ ಕೈ ಚಾಚುವಂತಿಲ್ಲ, ಪಕ್ಕದವನನ್ನು ಕೇಳಬೇಕು. ಅವನು ತಾನು ಹಾಕಿಕೊಳ್ಳುವ ಮೊದಲು ನಿಮಗೆ ದಾಟಿಸುತ್ತಾನೆ.

ಫೋರ್ಕು ಎಡಗೈ, ಚಾಕು ಬಲಗೈ. ಅನ್ನಕ್ಕೆ ಚಮಚ, ಫೋರ್ಕು. ಮೊಣಕೈ ಮೇಜಿನ ಮೇಲೆ ಬರಬಾರದು. ಸೂಪನ್ನು ಸೊರ್ ಅಂತ ಎಳೆಯಬಾರದು, ಚಮಚವನ್ನು ನಮ್ಮಿಂದ ಆಚೆಗೆ ತಳ್ಳಿ ತುಂಬಬೇಕು. ಉಂಡು ಮುಗಿದ ಮೇಲೆ ಫೋರ್ಕು ಚಾಕು ಎರಡನ್ನೂ ಜೋಡಿಸಿ ಗಡಿಯಾರದ ಆರೂವರೆಯ ಮುಳ್ಳಿನ ಹಾಗೆ ಇಡಬೇಕು. ಇನ್ನೂ ಉಣ್ಣುತ್ತಿದ್ದರೆ ಎಂಟು ಇಪ್ಪತ್ತರ ಹಾಗೆ ಬಿಡಿಸಿ ಇಡಬೇಕು. ತಟ್ಟೆ ಎತ್ತುವವರಿಗೆ ಮಾತಿಲ್ಲದೆ ತಿಳಿಯಲಿ ಅಂತ ಈ ಪದ್ಧತಿ.

ಕೇಳಲು ಇದೆಲ್ಲ ಭಾರೀ ಅನ್ನಿಸುತ್ತದೆ. ಹತ್ತು ಹನ್ನೊಂದರ ಮಕ್ಕಳು ಬೇಗ ಕಲಿಯುತ್ತಾರೆ. ಮೊದಲ ದಸರಾ ರಜೆಗೆ ಮನೆಗೆ ಬಂದವನು ನಿಮ್ಮ ಕುರ್ಚಿಯನ್ನೂ ಎತ್ತಿ ಹಿಂದಿಡುತ್ತಾನೆ, ನೋಡುತ್ತಿರಿ.

ಕುಶಾಲನಗರದವ

ನಮ್ಮದು ಹೊಸ ಶಾಲೆ, ಕೂಡಿಗೆಯ ಕೊಡಗು ಸೈನಿಕ ಶಾಲೆ. 2007ರಲ್ಲಿ ಶುರುವಾಗಿದ್ದು. ಮೇಲೆ ಹೇಳಿದ್ದು ಹೆಚ್ಚುಕಡಿಮೆ ನಮ್ಮಲ್ಲೂ ಅದೇ. ಒಂದು ಮಾತು ಸೇರಿಸುತ್ತೇನೆ: ಮನೆಯಲ್ಲಿ ಫೋರ್ಕು ಕಲಿಸದಿದ್ದರೂ ನಡೆಯುತ್ತದೆ. ಅದನ್ನು ಅಲ್ಲೇ ಕಲಿಸುತ್ತಾರೆ, ಅರ್ಧ ಮಕ್ಕಳು ಹಳ್ಳಿಯಿಂದಲೇ ಬಂದಿರುತ್ತಾರೆ. ‘ನನಗೆ ಇನ್ನೊಂದು ಚಪಾತಿ ಬೇಕು’ ಅಂತ ಬಾಯಿಬಿಟ್ಟು ಕೇಳುವುದನ್ನು ಕಲಿಸಿ ಕಳಿಸಿ. ಮನೆಯಲ್ಲಿ ಅಮ್ಮ ಕೇಳದೆಯೇ ಬಡಿಸಿರುತ್ತಾಳೆ. ಅಲ್ಲಿ ಕೇಳದವನಿಗೆ ಅರೆಹೊಟ್ಟೆ.

ದಾಸೋಹದ ಹುಡುಗ

ನಾನು ಸೈನಿಕ ಶಾಲೆಯವನಲ್ಲ, ಆದರೂ ಬರೆಯುತ್ತೇನೆ. ನಾನು ಓದಿದ್ದು ತುಮಕೂರಿನ ಸಿದ್ಧಗಂಗಾ ಮಠದಲ್ಲಿ. ಸಾವಿರಾರು ಹುಡುಗರು ಒಟ್ಟಿಗೆ ಉಣ್ಣುವ ಜಾಗ. ನೆಲದ ಮೇಲೆ ಪಂಕ್ತಿಯಲ್ಲಿ ಕೂರುತ್ತಿದ್ದೆವು. ಎಲ್ಲರಿಗೂ ಬಡಿಸಿ, ಪ್ರಾರ್ಥನೆ ಆಗುವವರೆಗೆ ಒಬ್ಬನೂ ತಟ್ಟೆ ಮುಟ್ಟುತ್ತಿರಲಿಲ್ಲ. ಮುದ್ದೆ, ಸಾರು, ಅನ್ನ, ಮಜ್ಜಿಗೆ. ಕೈಯಲ್ಲೇ ಊಟ. ಶಿವಕುಮಾರ ಸ್ವಾಮೀಜಿ ವಯಸ್ಸಾದ ಮೇಲೂ ಊಟದ ವ್ಯವಸ್ಥೆಯ ಮೇಲೆ ಕಣ್ಣಿಟ್ಟಿರುತ್ತಿದ್ದರು.

ಹಾಗಾಗಿ ಫೋರ್ಕು ಹಿಡಿದರೆ ಶಿಸ್ತು, ಕೈಯಲ್ಲಿ ಉಂಡರೆ ಅಶಿಸ್ತು ಅನ್ನುವ ಮಾತು ಎಲ್ಲೇ ಬಂದರೂ ನನಗೆ ಒಪ್ಪಿಗೆಯಿಲ್ಲ. ಕೈಯಲ್ಲಿ ಉಣ್ಣುವ ಹುಡುಗನಿಗೆ ತನ್ನ ಮನೆಯವರು ಕಡಿಮೆ ಅನ್ನಿಸುವ ಹಾಗೆ ಯಾವ ಶಾಲೆಯೂ ಕಲಿಸಬಾರದು. ಅವನ ಅಪ್ಪ ಅಮ್ಮ ಶಾಲೆಗೆ ಬಂದಾಗ ಅವರ ಊಟ ನೋಡಿ ಮಗ ನಾಚಿಕೊಂಡರೆ, ಕಲಿಸಿದ್ದರಲ್ಲಿ ಎಲ್ಲೋ ಎಡವಟ್ಟಾಗಿದೆ ಅಂತಲೇ ಅರ್ಥ.

ನಿವೃತ್ತ ಮೇಜರ್

ದಾಸೋಹದ ಹುಡುಗ ಅವರ ಮಾತು ಸರಿ. ಅದರ ಜೊತೆಗೆ ಫೋರ್ಕು ಯಾಕೆ ಕಲಿಸುತ್ತಾರೆ ಅನ್ನುವುದನ್ನೂ ಹೇಳಬೇಕು. ಈ ಶಾಲೆಗಳನ್ನು ಕಟ್ಟಿದ್ದೇ ಹುಡುಗರನ್ನು ಎನ್‌ಡಿಎಗೆ, ಅಂದರೆ ಸೇನಾ ಅಧಿಕಾರಿಗಳನ್ನು ತರಬೇತು ಮಾಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ, ತಯಾರು ಮಾಡಲು. ಅದು ಇರುವ ಖಡಕ್‌ವಾಸ್ಲಾದ ಕೆಡೆಟ್ಸ್ ಮೆಸ್ಸಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಏಕಕಾಲಕ್ಕೆ ಕೂತು ಉಣ್ಣುತ್ತಾರೆ. ಅಲ್ಲಿಗೆ ಪಂಜಾಬಿನ ದೊಡ್ಡ ಶಾಲೆಯಲ್ಲಿ ಓದಿದವನೂ ಬರುತ್ತಾನೆ, ಇಂಡಿ ತಾಲ್ಲೂಕಿನ ರೈತನ ಮಗನೂ ಬರುತ್ತಾನೆ. ಮುಂದೆ ರೆಜಿಮೆಂಟಿನಲ್ಲಿ ಡಿನ್ನರ್ ನೈಟ್ ಅಂತ ವಿಧಿಬದ್ಧ ಔತಣ ಇರುತ್ತದೆ. ಕಿರಿಯ ಅಧಿಕಾರಿಯೊಬ್ಬನನ್ನು ‘ಮಿಸ್ಟರ್ ವೈಸ್’ ಅಂತ ಕರೆದು, ಲೋಟ ಎತ್ತಿ ರಾಷ್ಟ್ರಪತಿಗಳ ಹೆಸರಿನಲ್ಲಿ ಟೋಸ್ಟ್ ಆಗುತ್ತದೆ. ಅಂಥ ಮೇಜಿನಲ್ಲಿ ನಮ್ಮ ಹುಡುಗ ಯಾವ ಚಮಚ ಎತ್ತಲಿ ಅಂತ ಅತ್ತಿತ್ತ ನೋಡುತ್ತಾ ಕೂರಬಾರದು. ಹನ್ನೊಂದನೇ ವಯಸ್ಸಿನಲ್ಲಿ ಕಲಿತವನಿಗೆ ಇಪ್ಪತ್ತೊಂದರಲ್ಲಿ ಆ ಅಳುಕು ಇರುವುದಿಲ್ಲ.

ಇನ್ನೊಂದು ಬದಿಯನ್ನೂ ಹೇಳುತ್ತೇನೆ. ಸೈನ್ಯದಲ್ಲಿ ಬಡಾ ಖಾನಾ ಅಂತ ಇದೆ. ಅವತ್ತು ಅಧಿಕಾರಿಗಳೂ ಜವಾನರೂ ಒಟ್ಟಿಗೆ ಕೂತು ಉಣ್ಣುತ್ತಾರೆ, ಅಧಿಕಾರಿಗಳೇ ಬಡಿಸುವುದೂ ಉಂಟು. 1932ರಲ್ಲಿ ಡೆಹ್ರಾಡೂನಿನ ಐಎಂಎ (ಭಾರತೀಯ ಸೇನಾ ಅಕಾಡೆಮಿ) ಉದ್ಘಾಟನೆಯಲ್ಲಿ ಆಗಿನ ಸೇನಾ ಮುಖ್ಯಸ್ಥ ಚೆಟ್‌ವುಡ್ ಹೇಳಿದ ಮಾತನ್ನು ಪ್ರತಿಯೊಬ್ಬ ಅಧಿಕಾರಿ ಬಾಯಿಪಾಠ ಮಾಡಿರುತ್ತಾನೆ. ದೇಶ ಮೊದಲು, ನಿನ್ನ ಕೈಕೆಳಗಿನ ಜನ ಆಮೇಲೆ, ನಿನ್ನ ಸುಖ ಯಾವತ್ತೂ ಕೊನೆಗೆ. ಈ ಮಾತು ಊಟದ ಮೇಜಿಗೂ ಸಲ್ಲುತ್ತದೆ. ಮೇಜಿನ ತುದಿಯಲ್ಲಿ ಸೀನಿಯರ್‌ನನ್ನು ಕೂರಿಸುವುದು ಎಲ್ಲರಿಗೂ ಬಂತಾ ಅಂತ ನೋಡಿ, ಆಮೇಲೆ ತಾನು ತೆಗೆದುಕೊಳ್ಳಲಿ ಅಂತ. ಮೊದಲು ತಾನೇ ಬಾಚಿಕೊಳ್ಳುವ ಸೀನಿಯರ್‌ಗೆ ಶಿಸ್ತು ಗೊತ್ತಿಲ್ಲ, ಅವನ ಬೂಟು ಎಷ್ಟೇ ಹೊಳೆಯಲಿ.

ಹೆಸರು ಬೇಡ

ಮೇಜರ್ ಸಾಹೇಬರು ಹೇಳಿದ್ದು ಹೇಗಿರಬೇಕು ಅನ್ನುವುದು. ಹೇಗಿತ್ತು ಅಂತ ನಾನು ಹೇಳುತ್ತೇನೆ. ಶಾಲೆಯ ಹೆಸರು ಹೇಳುವುದಿಲ್ಲ, ರಾಜ್ಯವನ್ನೂ ಹೇಳುವುದಿಲ್ಲ.

ನಮ್ಮ ಮೇಜಿನಲ್ಲಿ ಬೇಯಿಸಿದ ಮೊಟ್ಟೆ ಬಂದ ದಿನ ತಟ್ಟೆ ಮೊದಲು ತುದಿಗೆ ಹೋಗುತ್ತಿತ್ತು. ಅಲ್ಲಿಂದ ವಾಪಸ್ ಬರುವಾಗ ಚಿಕ್ಕವರ ಲೆಕ್ಕದಲ್ಲಿ ಒಂದೋ ಎರಡೋ ಕಮ್ಮಿ. ಯಾರೂ ಕೇಳುತ್ತಿರಲಿಲ್ಲ. ಭಾನುವಾರದ ಸಿಹಿಯೂ ಅಷ್ಟೆ. ಹಾಲಿನ ಕೆನೆ ನನಗೆ ವಾಕರಿಕೆ ತರುತ್ತದೆ ಅಂತ ಒಬ್ಬ ಸೀನಿಯರ್‌ಗೆ ಗೊತ್ತಾಯಿತು. ಅವತ್ತಿನಿಂದ ಮೇಜಿನ ಎಲ್ಲ ಲೋಟಗಳ ಕೆನೆಯನ್ನೂ ಚಮಚದಲ್ಲಿ ತೆಗೆದು ನನ್ನ ಲೋಟಕ್ಕೆ ಹಾಕಿಸುತ್ತಿದ್ದ. ಕುಡಿಯಬೇಕು, ಮುಖ ಕಿವುಚಬಾರದು, ಬೆನ್ನು ನೆಟ್ಟಗಿರಬೇಕು. ಆಚೆ ಮೇಜಿನ ಮಾಸ್ತರಿಗೆ ಕಾಣುತ್ತಿದ್ದದ್ದು ಶಿಸ್ತಾಗಿ ಕೂತು ಹಾಲು ಕುಡಿಯುವ ಹುಡುಗ ಮಾತ್ರ.

ನಾನು ಈಗಲೂ ಹಾಲು ಕುಡಿಯುವುದಿಲ್ಲ. ಓದು, ಆಟ, ಗೆಳೆಯರು ಎಲ್ಲವನ್ನೂ ಆ ಶಾಲೆ ಕೊಟ್ಟಿದೆ, ಆ ಋಣ ಇದೆ. ಆದರೆ ಅಕ್ಕ ಕೇಳಿದ ಪ್ರಶ್ನೆಗೆ ಎಲ್ಲರೂ ಮಾತು ಬದಲಿಸುತ್ತಾರೆ ಅಂದರಲ್ಲ, ನಾನು ಬದಲಿಸಲಾರೆ.

ಗಟ್ಟಿ ಕಾಳು

ತಮ್ಮಾ, ನಿನಗಾದದ್ದಕ್ಕೆ ಬೇಸರವಿದೆ. ಆದರೂ ಇಷ್ಟಕ್ಕೇ ಎಲ್ಲವನ್ನೂ ಬೈಯಬಾರದು. ನಮ್ಮ ಕಾಲದಲ್ಲಿ ಮೆಸ್ಸಿನಲ್ಲಿ ಚಮಚ ಬಿದ್ದರೆ ಹೊರಗೆ ಫ್ರಂಟ್ ರೋಲ್, ನೆಲದ ಮೇಲೆ ಪಲ್ಟಿ ಹೊಡೆಯುವ ಶಿಕ್ಷೆ. ತಟ್ಟೆಯಲ್ಲಿ ಬಿಟ್ಟರೆ ಪೂರ್ತಿ ತಿನ್ನುವವರೆಗೆ ಏಳುವಂತಿಲ್ಲ. ಅದರಿಂದಲೇ ನಾವು ಗಟ್ಟಿಯಾದೆವು. ಸಿಯಾಚಿನ್‌ನಲ್ಲಿ ಡಬ್ಬಿ ಊಟ ಉಣ್ಣುವವನಿಗೆ ‘ನನಗೆ ಬದನೆಕಾಯಿ ಸೇರಲ್ಲ’ ಅಂತ ಹೇಳಲು ಆಗುತ್ತದಾ? ಈಗಿನ ಪೋಷಕರು ಮಗನನ್ನು ಸೈನಿಕ ಶಾಲೆಗೂ ಹಾಕುತ್ತಾರೆ, ಮನೆ ಊಟದ ಸುಖವನ್ನೂ ಕೇಳುತ್ತಾರೆ.

ಮಕ್ಕಳ ಡಾಕ್ಟರು, ಹುಬ್ಬಳ್ಳಿ

ಗಟ್ಟಿ ಕಾಳು ಸರ್, ಸಿಯಾಚಿನ್‌ನ ಯೋಧನಿಗೆ ಇಪ್ಪತ್ತು ದಾಟಿದೆ. ಇಲ್ಲಿ ಮಾತು ಹನ್ನೊಂದು ವರ್ಷದ ಮಗುವಿನದು.

ಮೊಟ್ಟೆಯ ವಿಷಯವನ್ನು ಯಾರೂ ಸಣ್ಣದು ಅಂದುಕೊಳ್ಳಬೇಡಿ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರ ಶಿಫಾರಸು ನೋಡಿ: 10ರಿಂದ 12 ವಯಸ್ಸಿನ ಹುಡುಗನಿಗೆ ದಿನಕ್ಕೆ ಸುಮಾರು 32 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಆರು ಗ್ರಾಂ ಇರುತ್ತದೆ. ಒಂದು ಮೊಟ್ಟೆ ಹೋದರೆ ಆ ದಿನದ ಪ್ರೋಟೀನಿನ ಐದನೇ ಒಂದು ಭಾಗದಷ್ಟು ಹೋಯಿತು. ಇನ್ನೊಂದು ಕಡೆ ಸೀನಿಯರ್‌ಗೂ ನಿಜಕ್ಕೂ ಹಸಿವಿರುತ್ತದೆ. 10–12ರವನಿಗೆ ದಿನಕ್ಕೆ ಸುಮಾರು 2220 ಕಿಲೋಕ್ಯಾಲೊರಿ ಸಾಕು, 16–18ರವನಿಗೆ 3320 ಬೇಕು. ಇಬ್ಬರಿಗೂ ಅದೇ ಅಳತೆಯಲ್ಲಿ ಬಡಿಸಿ, ಒಂದೇ ಮೇಜಿನಲ್ಲಿ ಕೂರಿಸಿದರೆ ದೊಡ್ಡವನ ಕಣ್ಣು ಚಿಕ್ಕವನ ತಟ್ಟೆಯ ಮೇಲೆ ಬೀಳುತ್ತದೆ. ಇದಕ್ಕೆ ಬೈದು ಪ್ರಯೋಜನವಿಲ್ಲ, ದೊಡ್ಡ ಕ್ಲಾಸಿನವರಿಗೆ ಜಾಸ್ತಿ ಬಡಿಸುವ ಏರ್ಪಾಡು ಮಾಡಬೇಕು.

ಬಲವಂತದಿಂದ ತಿನ್ನಿಸಿದ ಪದಾರ್ಥವನ್ನು ಮಗು ಇಷ್ಟಪಡುವುದಿಲ್ಲ, ದ್ವೇಷಿಸುತ್ತದೆ. ಮೇಲೆ ಹಾಲಿನ ಕಥೆ ಓದಿದಿರಲ್ಲ. ಹೊಟ್ಟೆ ತುಂಬಿದ ಸುದ್ದಿ ಮಿದುಳಿಗೆ ಮುಟ್ಟಲು ಇಪ್ಪತ್ತು ನಿಮಿಷವಾದರೂ ಬೇಕು. ಹತ್ತು ನಿಮಿಷದಲ್ಲಿ ಗಬಗಬ ತಿನ್ನುವ ಅಭ್ಯಾಸ ದೊಡ್ಡವರಾದ ಮೇಲೂ ಬಿಡುವುದಿಲ್ಲ. ನನ್ನ ಹತ್ತಿರ ಬರುವ ಹಾಸ್ಟೆಲ್ ಮಕ್ಕಳಲ್ಲಿ ಹೊಟ್ಟೆನೋವು, ಮಲಬದ್ಧತೆ ಸಾಮಾನ್ಯ. ಕಾರಣ ಕೇಳಿದರೆ ಊಟದ ಅವಸರ, ನೀರು ಕಡಿಮೆ, ಶೌಚಕ್ಕೆ ಹೋಗಲು ಸಮಯವಿಲ್ಲ.

ಮೇರಿಲ್ಯಾಂಡ್ ಕನ್ನಡತಿ

ನಾನಿರುವುದು ಅಮೆರಿಕದ ಅನಾಪೊಲಿಸ್ ಹತ್ತಿರ. ಇಲ್ಲಿನ ನೌಕಾ ಅಕಾಡೆಮಿಯ ಕಿಂಗ್ ಹಾಲ್‌ನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಒಟ್ಟಿಗೆ ಉಣ್ಣುತ್ತಾರೆ. ಅಮೆರಿಕದ ಸೈನಿಕ ಕಾಲೇಜುಗಳಲ್ಲಿ ಮೊದಲ ವರ್ಷದವರಿಗೆ ‘ಸ್ಕ್ವೇರ್ ಮೀಲ್’ ಅಂತ ಒಂದು ಪದ್ಧತಿ ಇತ್ತು. ಕುರ್ಚಿಯ ತುದಿಯಲ್ಲಿ ಸೆಟೆದು ಕೂರಬೇಕು, ಕಣ್ಣು ಕೆಳಗೆ ಹೋಗಬಾರದು, ಫೋರ್ಕು ತಟ್ಟೆಯಿಂದ ನೇರ ಮೇಲಕ್ಕೆ ಬಂದು, ಅಲ್ಲಿಂದ ಅಡ್ಡಡ್ಡವಾಗಿ ಬಾಯಿಗೆ ಬರಬೇಕು.

ಗಟ್ಟಿಯಾಗುವ ಮಾತು ಬಂದದ್ದಕ್ಕೆ ಇದನ್ನು ಹೇಳುತ್ತಿದ್ದೇನೆ. 1898ರಲ್ಲಿ ಆಸ್ಕರ್ ಬೂಜ್ ಎಂಬ ಹುಡುಗ ಅಮೆರಿಕದ ಸೇನಾ ಅಕಾಡೆಮಿ ವೆಸ್ಟ್ ಪಾಯಿಂಟ್ ಸೇರಿದ. ಊಟದ ಮೇಜಿನಲ್ಲಿ ಸೀನಿಯರ್‌ಗಳು ಅವನಿಗೆ ಟಬಾಸ್ಕೊ ಎಂಬ ಖಾರದ ಸಾಸನ್ನು ಬಲವಂತವಾಗಿ ಕುಡಿಸಿದರು. ಕೆಲವೇ ತಿಂಗಳಲ್ಲಿ ಅವನು ಅಕಾಡೆಮಿ ಬಿಟ್ಟ. 1900ರ ಡಿಸೆಂಬರಿನಲ್ಲಿ ಗಂಟಲಿನ ಕ್ಷಯದಿಂದ ತೀರಿಕೊಂಡ. ಮನೆಯವರು ಆ ಸಾಸಿನಿಂದಲೇ ಹೀಗಾಯಿತು ಅಂದರು. ವಿಚಾರಣೆ ಅಮೆರಿಕದ ಸಂಸತ್ತಿನವರೆಗೆ ಹೋಯಿತು. ಆಗ ಅಲ್ಲಿ ಮೊದಲ ವರ್ಷ ಮುಗಿಸಿದ್ದ ಕೆಡೆಟ್, ಮುಂದೆ ಎರಡನೇ ಮಹಾಯುದ್ಧದ ಹೆಸರಾಂತ ಜನರಲ್ ಆದ ಡಗ್ಲಸ್ ಮೆಕಾರ್ಥರ್ ಕೂಡ ಸಾಕ್ಷಿ ಹೇಳಬೇಕಾಯಿತು. ಸಾವಿಗೆ ಸಾಸೇ ಕಾರಣ ಅಂತ ತೀರ್ಮಾನ ಆಗಲಿಲ್ಲ. ಆದರೆ ಆ ಕಿರುಕುಳವನ್ನು ಎಲ್ಲರೂ ಖಂಡಿಸಿದರು, 1901ರಲ್ಲಿ ಅದರ ವಿರುದ್ಧ ಕಾನೂನೂ ಬಂತು. ಮುಂದೆ 1919ರಲ್ಲಿ ಮೆಕಾರ್ಥರ್ ಅದೇ ಅಕಾಡೆಮಿಯ ಮುಖ್ಯಸ್ಥರಾಗಿ ಬಂದಾಗ ಹೊಸಬರನ್ನು ಸೀನಿಯರ್‌ಗಳ ಕೈಗೆ ಬಿಡುವ ಪದ್ಧತಿಯನ್ನೇ ಕಡಿಮೆ ಮಾಡಲು ಹೊರಟರು. ಅವರಿಗಿಂತ ಗಟ್ಟಿ ಸೈನಿಕರನ್ನು ಎಲ್ಲಿ ಹುಡುಕೋಣ?

ವೆಸ್ಟ್ ಪಾಯಿಂಟ್ ಮೇಜಿನಲ್ಲಿ ನನಗೆ ಇಷ್ಟವಾಗುವ ಕೆಲಸವೂ ಇದೆ. ಮೊದಲ ವರ್ಷದವನು ಸಿಹಿಯನ್ನು ಎಲ್ಲರಿಗೂ ಸಮವಾಗಿ ಕತ್ತರಿಸಬೇಕು. ಒಂದು ತುಂಡು ದೊಡ್ಡದು, ಇನ್ನೊಂದು ಚಿಕ್ಕದು ಆಗಬಾರದು.

ಗಟ್ಟಿ ಕಾಳು

ಮೆಣಸಿನ ಸಾಸು ಕುಡಿಸುವುದನ್ನು ನಾನೂ ಒಪ್ಪುವುದಿಲ್ಲ. ಅದು ಗೂಂಡಾಗಿರಿ. ನನ್ನ ವಾದ ಬೇರೆ. ಸಮಯಕ್ಕೆ ಬರಬೇಕು, ಸದ್ದು ಮಾಡಬಾರದು, ತಟ್ಟೆಯಲ್ಲಿ ಅನ್ನ ಬಿಡಬಾರದು. ಇಷ್ಟನ್ನೂ ಬಿಟ್ಟರೆ ಅದು ಮದುವೆ ಛತ್ರ ಆಗುತ್ತದೆ. ಅನ್ನ ಚೆಲ್ಲುವುದನ್ನು ಮಾತ್ರ ನಾನು ಸಹಿಸಲಾರೆ.

ಬಡಿಸಿದವನು

ಎಲ್ಲರಿಗೂ ನಮಸ್ಕಾರ. ಮೊಮ್ಮಗಳು ಟೈಪ್ ಮಾಡಿಕೊಡುತ್ತಿದ್ದಾಳೆ. ನಾನು ಇಂಥ ಒಂದು ಶಾಲೆಯ ಮೆಸ್ಸಿನಲ್ಲಿ ಬಡಿಸುವ ಕೆಲಸ ಮಾಡಿ ರಿಟೈರ್ ಆದವನು. ನೀವೆಲ್ಲ ಕೂತು ಉಂಡವರು. ನಾನು ನಿಂತು ನೋಡಿದವನು.

ಅನ್ನ ಚೆಲ್ಲುವ ಮಾತು ಬಂತು. ಮಕ್ಕಳು ಯಾಕೆ ಬಿಡುತ್ತಾರೆ ಅಂತ ನಮಗೆ ಗೊತ್ತಿರುತ್ತದೆ. ಹೊಸ ಮಕ್ಕಳು ಎರಡನೇ ಸಲ ಸಿಗುತ್ತದೋ ಇಲ್ಲವೋ ಅಂತ ಹೆದರಿ ಒಮ್ಮೆಗೇ ಜಾಸ್ತಿ ಹಾಕಿಸಿಕೊಳ್ಳುತ್ತಾರೆ. ಆಮೇಲೆ ತಿನ್ನಲಾಗದೆ ಕೂರುತ್ತಾರೆ. ಅಂಥವರ ಹತ್ತಿರ ಹೋಗಿ ‘ಮರಿ, ಮೊದಲು ಅರ್ಧ ಸೌಟು ಹಾಕುತ್ತೇನೆ, ನಾನು ತಿರುಗಿ ಬರುತ್ತೇನೆ’ ಅಂತ ಹೇಳುತ್ತಿದ್ದೆ. ತಿರುಗಿ ಹೋಗಲೇಬೇಕು, ಹೇಳಿ ಮರೆತರೆ ಮಾರನೇ ದಿನ ಮಗು ನಂಬುವುದಿಲ್ಲ. ಹೀಗೆ ಮಾಡಿದ ಸಾಲಿನಲ್ಲಿ ಡ್ರಮ್ಮಿಗೆ ಬೀಳುವ ಅನ್ನ ಕಡಿಮೆ ಇರುತ್ತಿತ್ತು. ಹೆದರಿಸಿದ ಸಾಲಿನಲ್ಲಿ ಚಪಾತಿ ತುಂಡು ಮೇಜಿನ ಕೆಳಗೆ, ಪ್ಯಾಂಟಿನ ಜೇಬಿನಲ್ಲಿ, ಕಿಟಕಿಯ ಹೊರಗೆ ಸಿಗುತ್ತಿತ್ತು.

ಸಾರಿನ ಬಕೆಟ್ಟಿನ ವಿಷಯವೂ ಹೇಳಬೇಕು. ತರಕಾರಿ ತಳದಲ್ಲಿ ಕೂರುತ್ತದೆ. ಮೇಲಿಂದ ಸೌಟು ಹಾಕುತ್ತಾ ಹೋದರೆ ಮೊದಲ ಮೇಜಿಗೆ ನೀರು, ಕೊನೆಯ ಮೇಜಿಗೆ ಹೋಳು. ಪ್ರತಿ ಮೇಜಿಗೂ ತಳದಿಂದ ಕಲಕಿ ಬಡಿಸಬೇಕು. ಯಾವ ನಿಯಮದ ಪುಸ್ತಕದಲ್ಲೂ ಇದು ಬರೆದಿರುವುದಿಲ್ಲ.

ಸೀನಿಯರ್ ಮೊಟ್ಟೆ ತೆಗೆದರೆ ನಮಗೆ ಕಾಣುವುದಿಲ್ಲವಾ ಅಂತ ಕೇಳಬಹುದು. ಕಾಣುತ್ತದೆ. ಹೇಳಿದರೆ ನಮ್ಮ ಮಾತು ಕೇಳುವ ಅಧಿಕಾರಿ ಇದ್ದ ವರ್ಷ ಅದು ನಿಲ್ಲುತ್ತಿತ್ತು. ‘ನಿನ್ನ ಕೆಲಸ ನೀನು ನೋಡು’ ಅನ್ನುವ ಅಧಿಕಾರಿ ಬಂದ ವರ್ಷ ಮತ್ತೆ ಶುರು.

ತಾಯಿ, ನಿಮ್ಮ ಮಗನಿಗೆ ಒಂದು ಮಾತು ಹೇಳಿ. ಬಡಿಸುವವರನ್ನು ‘ಅಣ್ಣ’ ಅನ್ನಲಿ. ಲೋಟ ತಟ್ಟಿ ಕರೆಯುವುದು ಬೇಡ.

ಕಿತ್ತೂರಿನ ಹಳೇ ವಿದ್ಯಾರ್ಥಿನಿ

ಅಜ್ಜ, ನಿಮ್ಮಂಥವರ ಕೈಯೂಟ ಉಂಡೇ ನಾವೂ ಬೆಳೆದದ್ದು. ನಿಮ್ಮ ಬರಹ ಓದಿ ಕಣ್ಣು ತುಂಬಿತು.

ನಾನು ಕಿತ್ತೂರು ರಾಣಿ ಚನ್ನಮ್ಮ ಹೆಣ್ಣುಮಕ್ಕಳ ವಸತಿ ಸೈನಿಕ ಶಾಲೆಯವಳು. 1969ರಿಂದ ಇದೆ. ಹುಡುಗರ ಸೈನಿಕ ಶಾಲೆಗಳಲ್ಲಿ ಹೆಣ್ಣುಮಕ್ಕಳಿಗೆ ಸೀಟು ಕೊಡಲು ಶುರುಮಾಡಿದ್ದು ಈಚೆಗೆ, ಮೊದಲು ಮಿಜೋರಾಂನ ಛಿಂಗ್‌ಛಿಪ್‌ನಲ್ಲಿ, ಆಮೇಲೆ 2021-22ರಿಂದ ಎಲ್ಲ ಕಡೆ. ಹಾಗಾಗಿ ಈ ಮಾತು ಮಗಳನ್ನು ಕಳಿಸುವವರಿಗೂ ಇರಲಿ.

ನಮ್ಮ ಮೇಜಿನ ಅಕ್ಕ ಒಬ್ಬರಿದ್ದರು. ಅವರು ತಮ್ಮ ತಟ್ಟೆಗಿಂತ ಮೊದಲು ನಮ್ಮ ತಟ್ಟೆ ನೋಡುತ್ತಿದ್ದರು. ಯಾರು ಎರಡು ಹೊತ್ತು ಸರಿಯಾಗಿ ಉಣ್ಣಲಿಲ್ಲ ಅನ್ನುವುದು ಅವರಿಗೆ ಗೊತ್ತಾಗಿಬಿಡುತ್ತಿತ್ತು. ಮೇಜಿನಲ್ಲಿ ಏನೂ ಕೇಳುತ್ತಿರಲಿಲ್ಲ. ಸಂಜೆ ಆಟದ ಮೈದಾನದಲ್ಲಿ ಪಕ್ಕ ನಡೆಯುತ್ತಾ ಕೇಳುತ್ತಿದ್ದರು. ಮನೆ ನೆನಪಾ, ಹೊಟ್ಟೆನೋವಾ, ಯಾರಾದರೂ ಏನಾದರೂ ಅಂದರಾ. ನಾನು ಸೀನಿಯರ್ ಆದಾಗ ಮಾಡಿದ್ದೂ ಇದನ್ನೇ, ಅವರನ್ನು ನೋಡಿ ಕಲಿತದ್ದು. ಫೋರ್ಕು ಹಿಡಿಯುವುದನ್ನು ಯಾರು ಕಲಿಸಿದರು ಅನ್ನುವುದು ನನಗೆ ನೆನಪೇ ಇಲ್ಲ.

ಮಲಪ್ರಭಾ ತೀರ

ಇಷ್ಟು ಜನ ಇಷ್ಟು ಮನಸಾರೆ ಬರೆದದ್ದಕ್ಕೆ ಏನು ಹೇಳಲಿ. ‘ಹೆಸರು ಬೇಡ’ ಅಂದ ತಮ್ಮನಿಗೆ ಒಬ್ಬ ತಾಯಿಯಾಗಿ ಕೈಮುಗಿಯುತ್ತೇನೆ. ಎರಡು ಪ್ರಶ್ನೆ ಉಳಿದಿವೆ. ಸಸ್ಯಾಹಾರಿಗಳಿಗೆ ಬೇರೆ ಮೇಜು ಇರುತ್ತದಾ? ನಿಧಾನಕ್ಕೆ ಉಣ್ಣುವವನನ್ನು ಹೇಗೆ ಬೇಗ ಮಾಡಲಿ?

ಬಡಿಸಿದವನು

ತಾಯಿ, ಸಸ್ಯಾಹಾರದ ಹೆಸರನ್ನು ಸೇರುವಾಗಲೇ ಬರೆಸಿಬಿಡಿ. ಬೇರೆ ಮೇಜು, ಬೇರೆ ಸೌಟು ಇರುತ್ತದೆ. ಮೊಟ್ಟೆ, ಕೋಳಿ ಇದ್ದ ದಿನ ಅವರಿಗೆ ಪನೀರೋ, ಹಣ್ಣೋ, ಸಿಹಿಯೋ ಕೊಡುತ್ತಾರೆ. ನಡುವೆ ಮಗ ಮನಸ್ಸು ಬದಲಿಸಿ ಮೊಟ್ಟೆ ತಿನ್ನುತ್ತೇನೆ ಅಂದರೆ ಅದು ನಿಮ್ಮ ಮನೆಯ ಮಾತು. ಮಕ್ಕಳು ಪಕ್ಕದವರನ್ನು ನೋಡಿ ಕೇಳುವುದು ಮಾತ್ರ ಉಂಟು, ಮೊದಲೇ ಮಾತಾಡಿಕೊಂಡಿರಿ.

ಹೌಸ್ ಟೀಚರ್

ನಿಧಾನದ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ನಾನು ವಸತಿ ಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆ, ಮೆಸ್ಸಿನ ಉಸ್ತುವಾರಿಯೂ ನೋಡಿದ್ದೇನೆ. ಮಗನನ್ನು ಬೇಗ ಮಾಡಲು ಹೋಗಬೇಡಿ ಮೇಡಂ. ಮನೆಯಲ್ಲಿ ಟಿವಿ, ಮೊಬೈಲು ನೋಡುತ್ತಾ ಉಣ್ಣುವ ಅಭ್ಯಾಸ ಇದ್ದರೆ ಅದನ್ನು ಬಿಡಿಸಿ, ಅಷ್ಟಕ್ಕೇ ಎಷ್ಟೋ ಸಮಯ ಉಳಿಯುತ್ತದೆ. ಉಳಿದದ್ದು ಶಾಲೆಯ ಕೆಲಸ.

ಊಟಕ್ಕೆ 25 ನಿಮಿಷ ಅಂತ ವೇಳಾಪಟ್ಟಿಯಲ್ಲಿ ಬರೆದಿರುತ್ತಾರೆ ಅಂದುಕೊಳ್ಳಿ. ಆ 25 ನಿಮಿಷ ಯಾವಾಗ ಶುರು? ಮೊದಲ ಸಾಲು ಒಳಗೆ ಬಂದಾಗಲೋ, ಕೊನೆಯ ಮೇಜಿಗೆ ಬಡಿಸಿ ಆದಾಗಲೋ? ಚಿಕ್ಕ ಮಕ್ಕಳು ಕೊನೆಗೆ ಬಂದು, ಅವರ ಮೇಜಿಗೆ ಕೊನೆಗೆ ಬಡಿಸಿ, ಎಲ್ಲರ ಜೊತೆ ಎಬ್ಬಿಸಿದರೆ ಅವರಿಗೆ ಸಿಗುವುದು ಹತ್ತೇ ನಿಮಿಷ. ಆಮೇಲೆ ಅವರಿಗೇ ‘ನಿಧಾನ’ ಅನ್ನುವ ಹೆಸರು. ಕೊನೆಯ ತಟ್ಟೆಗೆ ಬಡಿಸಿದ ಮೇಲೆ ಗಡಿಯಾರ ನೋಡಲು ಶುರುಮಾಡಿ, ಚಿಕ್ಕವರ ಮೇಜಿಗೆ ಮೊದಲು ಬಡಿಸಿ. ‘ನಿಧಾನ’ದ ಮಕ್ಕಳಲ್ಲಿ ಮುಕ್ಕಾಲು ಪಾಲು ಮಾಯವಾಗುತ್ತಾರೆ.

ಆರನೇ ಕ್ಲಾಸಿನವರನ್ನು ಮೊದಲ ವರ್ಷ ಬೇರೆಯೇ ಕೂರಿಸಿ, ಶಿಕ್ಷಕರೊಬ್ಬರು ಅದೇ ಮೇಜಿನಲ್ಲಿ ಅದೇ ಊಟ ಉಣ್ಣುವುದು ಒಳ್ಳೆಯದು. ದೂರದಲ್ಲಿ ನಿಂತು ನೋಡಿದರೆ ಬೆನ್ನು ನೆಟ್ಟಗಿರುವುದಷ್ಟೇ ಕಾಣುತ್ತದೆ. ತಮ್ಮನ ಲೋಟದೊಳಗೆ ಏನಿತ್ತು ಅನ್ನುವುದು ಪಕ್ಕ ಕೂತವರಿಗೆ ಮಾತ್ರ ಕಾಣುವಂಥದ್ದು.

ಕಾನೂನೂ ಸ್ಪಷ್ಟವಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಪ್ರಕಾರ ಮಗುವಿಗೆ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡೂ ನಿಷಿದ್ಧ. ಊಟ ಕಸಿಯುವುದು, ಬಲವಂತವಾಗಿ ತಿನ್ನಿಸುವುದು ಹಿಂಸೆಯೇ. 1098 ಮಕ್ಕಳ ಸಹಾಯವಾಣಿ, ಮಗನಿಗೆ ಈ ನಂಬರು ಬಾಯಿಪಾಠ ಇರಲಿ.

ಪೂರಿ ಪ್ರವೀಣ

ಗಂಭೀರ ಚರ್ಚೆಯ ನಡುವೆ ಒಂದು ಉಪಯೋಗದ ಮಾತು. ಹೊಸಬರಿಗೆ ಮೊದಲ ವಾರ ಬಹಳ ಕಷ್ಟ ಕೊಡುವುದು ಪೂರಿ. ಫೋರ್ಕು ಚುಚ್ಚಿದರೆ ಜಾರುತ್ತದೆ, ಸಾಗು ಅಂಗಿಗೆ ಹಾರುತ್ತದೆ. ಮೊದಲು ಫೋರ್ಕಿನ ಮೊನೆಯಿಂದ ಒಂದು ತೂತು ಮಾಡಿ ಹಬೆ ಹೋಗಲು ಬಿಡಬೇಕು. ಅದು ಚಪ್ಪಟೆಯಾದ ಮೇಲೆ ಫೋರ್ಕನ್ನು ಅಂಚಿನ ಹತ್ತಿರ ಒತ್ತಿ ಹಿಡಿದು, ಅದರ ಪಕ್ಕದಲ್ಲೇ ಚಾಕು ಒತ್ತಬೇಕು. ಹಿಂದೆ ಮುಂದೆ ಉಜ್ಜಬಾರದು. ತುಂಡು ಫೋರ್ಕಿನಲ್ಲೇ ಉಳಿಯುತ್ತದೆ. ಅದರ ಮೇಲೆ ಚಾಕುವಿನಿಂದ ಸ್ವಲ್ಪ ಸಾಗು ಸವರಿದರೆ ಆಯ್ತು. ಕಟಿ ರೊಟ್ಟಿಯನ್ನು ಮಾತ್ರ ಯಾವ ಫೋರ್ಕಿನಲ್ಲೂ ತಿನ್ನಲಾಗದು. ಅದನ್ನು ಕೈಯಲ್ಲೇ ಮುರಿಯಬೇಕು, ಹಪ್ಪಳವನ್ನೂ ಅಷ್ಟೆ, ಅದಕ್ಕೆ ಯಾವ ಮೆಸ್ಸಿನಲ್ಲೂ ತಕರಾರಿಲ್ಲ.

ನಿವೃತ್ತ ಮೇಜರ್

ಹೌಸ್ ಟೀಚರ್ ಹೇಳಿದ ಗಡಿಯಾರದ ಮಾತನ್ನು ಪೋಷಕರು ಕೈಬಿಡಬೇಡಿ. ಒಬ್ಬರೇ ಕೇಳಿದರೆ ‘ನಿಮ್ಮ ಮಗ ಸೂಕ್ಷ್ಮ’ ಅಂತ ಹೇಳಿ ಕಳಿಸುತ್ತಾರೆ. ಹೊಸದಾಗಿ ಸೇರಿದ ಮಕ್ಕಳ ತಂದೆ ತಾಯಂದಿರು ಸೇರಿ ಪ್ರಿನ್ಸಿಪಾಲರಿಗೆ ಒಂದು ಪತ್ರ ಕೊಡಿ. ಅವರು ಹೆಚ್ಚಾಗಿ ಸೈನ್ಯದಿಂದ ಬಂದ ಅಧಿಕಾರಿಯೇ ಆಗಿರುತ್ತಾರೆ, ನೇರ ಪ್ರಶ್ನೆಗೆ ನೇರ ಉತ್ತರ ಕೊಡುವುದು ಅವರಿಗೂ ಇಷ್ಟ. ಮೆಸ್ ಕಮಿಟಿಯಲ್ಲಿ ಚಿಕ್ಕ ಕ್ಲಾಸಿನ ಮಕ್ಕಳೂ ಇದ್ದಾರಾ, ಅವರ ಮೇಜಿನಲ್ಲಿ ಉಣ್ಣುವ ಶಿಕ್ಷಕರು ಯಾರು, ಊಟದ ಸಮಯ ಯಾವಾಗಿನಿಂದ ಎಣಿಸುತ್ತಾರೆ, ಬಡಿಸುವವರು ದೂರು ಕೊಟ್ಟರೆ ಅದನ್ನು ಬರೆದುಕೊಳ್ಳುವ ಪುಸ್ತಕ ಇದೆಯಾ. ಭೇಟಿಗೆ ಹೋದ ದಿನ ಕ್ಯಾಂಟೀನಿನಲ್ಲಿ ತಿನ್ನದೆ, ಅನುಮತಿ ಕೇಳಿ ಮಕ್ಕಳ ಜೊತೆ ಮೆಸ್ಸಿನಲ್ಲೇ ಒಂದು ಊಟ ಮಾಡಿ ಬನ್ನಿ.

ಮಲಪ್ರಭಾ ತೀರ

ಪತ್ರ ನಾನೇ ಬರೆಯುತ್ತೇನೆ ಸರ್. ಈ ಸಲ ಆರನೇ ಕ್ಲಾಸಿಗೆ ಮಕ್ಕಳನ್ನು ಸೇರಿಸುತ್ತಿರುವವರು ಇಲ್ಲಿ ಯಾರಾದರೂ ಇದ್ದರೆ ಕೆಳಗೆ ತಿಳಿಸಿ. ಕರಡು ಇಲ್ಲೇ ಹಾಕುತ್ತೇನೆ, ತಿದ್ದಿಕೊಡಿ.

ಹೆಸರು ಬೇಡ

ಅಕ್ಕ, ಹಾಲಿನ ಬದಲು ಮಜ್ಜಿಗೆಯೋ ಹಣ್ಣೋ ಕೇಳಬಹುದಾ ಅನ್ನುವುದನ್ನೂ ಆ ಪತ್ರದಲ್ಲಿ ಸೇರಿಸಿ.